ನೀರು ಮುಟ್ಟದ ಮೇಷ್ಟ್ರು

ನರಸಿಂಹಪ್ಪ ಮೇಷ್ಟ್ರ ನೆನಪಿನ ಸಭೆ ಭಾನುವಾರ ಬೆಳಿಗ್ಗೆ ಎಂದು ಗೊತ್ತಾದಾಗಿನಿಂದ ಚಂದ್ರಲೇಖಾಳಿಗೆ ಅನ್ನ ಸರಿಯಾಗಿ ಗಂಟಲಲ್ಲಿ ಇಳಿದಿರಲಿಲ್ಲ. ಬಾಗಲೂರು ಪಕ್ಕದ ಕನ್ನಡ ಹೈಸ್ಕೂಲಿಗೆ ಬಹಳ ವರ್ಷ ಹೆಡ್‌ಮಾಸ್ಟರಾಗಿದ್ದ ಅವರು ಹೋದ ತಿಂಗಳು ತೀರಿಕೊಂಡಿದ್ದರು. ಹಳೇ ವಿದ್ಯಾರ್ಥಿಗಳ ಪರವಾಗಿ ಮಾತಾಡುವವಳು ನೀನೇ ಎಂದು ಜೊತೆಗೆ ಓದಿದ ವೆಂಕಿ ಫೋನಿನಲ್ಲೇ ತೀರ್ಮಾನ ಮಾಡಿ ಇಟ್ಟುಬಿಟ್ಟಿದ್ದ. ವೆಂಕಿಗೇನು, ಶಾಮಿಯಾನ ಹಾಕಿಸಿ ಮೈಕು ತರಿಸಿದರೆ ಅವನ ಕೆಲಸ ಮುಗಿಯಿತು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರಾಗಿ ದಿನವಿಡೀ ಗಂಟಲು ಹರಿದುಕೊಳ್ಳುವ ಚಂದ್ರಲೇಖಾ, ಮೇಷ್ಟ್ರ ಬಗ್ಗೆ ನಾಲ್ಕು ಮಾತು ಕೂಡಿಸಲು ಹೋಗಿ ಸೋತು ಕೂತಿದ್ದಳು.

ಹೇಳಲು ಏನೂ ಇಲ್ಲ ಎಂದಲ್ಲ. ಹೇಳಲು ಹೊರಟರೆ ಅಳು ಬರುತ್ತಿತ್ತು.

ಆಗ ಅವಳು ಹತ್ತನೇ ಕ್ಲಾಸು. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು, ಹುಣಸೆಹಣ್ಣಿನ ಕಾಲವೂ ಬಂದಿತ್ತು. ಅಪ್ಪ ರಾಮಕೃಷ್ಣಪ್ಪ ಅವಳನ್ನು ಸ್ಕೂಲು ಬಿಡಿಸಿ, ಅಮ್ಮ ಪಾರ್ವತಮ್ಮನ ಜೊತೆ ಹುಣಸೆ ಬೀಜ ಬಿಡಿಸಲು ಕೂರಿಸಿದ್ದ. ಹೇಗಿದ್ದರೂ ಮುಂದಿನ ವರ್ಷ ಮದುವೆ ಮಾಡುವ ಹುಡುಗಿ, ಓದಿ ಯಾವ ಊರು ಆಳಬೇಕು ಎನ್ನುವುದು ಅವನ ವಾದ. ಮಟಮಟ ಮಧ್ಯಾಹ್ನದಲ್ಲಿ ಮೇಷ್ಟ್ರು ಮೊಪೆಡ್ಡಿನಲ್ಲಿ ಬಂದು ಜಗುಲಿಯ ಮೇಲೆ ಕೂತರು. ಪಾರ್ವತಮ್ಮ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದಿಟ್ಟಳು. ಮೇಷ್ಟ್ರು ಚೊಂಬನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದು ಹಿಡಿ ಹುಣಸೆ ಮುಂದಕ್ಕೆ ಎಳೆದುಕೊಂಡು ತಾವೂ ಬೀಜ ಬಿಡಿಸತೊಡಗಿದರು.

ಬಾಗಲೂರಿನ ಕಡೆ ಒಂದು ರೂಢಿಯಿದೆ. ಹೆಣ್ಣು ಕೇಳಲು ಬಂದವರು ಒಪ್ಪಿಗೆಯ ಮಾತು ಬರುವ ತನಕ ಆ ಮನೆಯ ನೀರು ಮುಟ್ಟುವುದಿಲ್ಲ. ಮಿಕ್ಕ ಯಾರೇ ಬರಲಿ, ಜಗಳಕ್ಕೆ ಬಂದವರು ಕೂಡ, ಕೊಟ್ಟ ನೀರನ್ನು ಬೇಡ ಎನ್ನುವುದಿಲ್ಲ. ಹಾಗಾಗಿ ಸರಿದ ಚೊಂಬನ್ನು ಕಂಡು ರಾಮಕೃಷ್ಣಪ್ಪನ ಕಿವಿ ನೆಟ್ಟಗಾದವು. ಮೇಷ್ಟ್ರಿಗೆ ಕೃಷ್ಣಗಿರಿಯಲ್ಲಿ ಕೆಲಸದಲ್ಲಿರುವ ಮಗನಿದ್ದಾನೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ರಾಮಕೃಷ್ಣಪ್ಪ ಒಳಗೆ ಹೋಗಿ ಹಬ್ಬದ ಅಂಗಿ ತೊಟ್ಟುಕೊಂಡು ಬಂದ. ಎದುರು ಮನೆಯವರು ಇತ್ತ ನೋಡಲಿ ಎಂದು ಸುಮ್ಮಸುಮ್ಮನೆ ಕೆಮ್ಮಿದ. ಹೆಡ್‌ಮಾಸ್ಟರಿಗೆ ಬೀಗನಾಗುವುದೆಂದರೆ ಹುಡುಗಾಟವೇ? ಮೇಷ್ಟ್ರು ಮಾತ್ರ ತುಟಿ ಬಿಚ್ಚದೆ ಬೀಜ ಬಿಡಿಸುತ್ತಲೇ ಇದ್ದರು. ಬಿಸಿಲು ಜಗುಲಿಯ ಮೇಲಿನಿಂದ ಗೋಡೆಗೆ ಹತ್ತಿದ ಮೇಲೆ ರಾಮಕೃಷ್ಣಪ್ಪನೇ ತಡೆಯಲಾರದೆ ಬಾಯಿಬಿಟ್ಟ.

"ಹುಡ್ಗ ಎಷ್ಟು ಓದವ್ನೆ ಸಾ?"

"ಹುಡ್ಗ ಯಾರೂ ಇಲ್ಲಪ್ಪ," ಎಂದರು ಮೇಷ್ಟ್ರು. "ನಿನ್ನ ಮಗ್ಳನ್ನ ಇಸ್ಕೂಲ್ಗೆ ಕೇಳಕ್ಕೆ ಬಂದಿವ್ನಿ. ನೀನು ಹೂಂ ಅನ್ನೋಗಂಟ ನಿಮ್ಮನೆ ನೀರು ಕುಡಿಯಾಕಿಲ್ಲ."

ರಾಮಕೃಷ್ಣಪ್ಪನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ತೊಟ್ಟ ಅಂಗಿಯನ್ನು ಎಲ್ಲರೆದುರು ಬಿಚ್ಚುವಂತಿಲ್ಲ, ಮೇಷ್ಟ್ರನ್ನು ಏಳಿ ಎನ್ನುವಂತಿಲ್ಲ. ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮನೆಗೆ ಬಂದ ಮೇಷ್ಟ್ರನ್ನು ಬಾಯಾರಿಸಿ ಕಳಿಸಿದವನು ಎಂದು ಹೆಸರು ತೆಗೆದುಕೊಳ್ಳಲು ಅವನು ತಯಾರಿರಲಿಲ್ಲ. ಹೊತ್ತು ಇಳಿಯುವಾಗ ನೆಲ ನೋಡಿಕೊಂಡು ಹೂಂ ಎಂದ. ಮೇಷ್ಟ್ರು ಎತ್ತಿದ ಚೊಂಬನ್ನು ತಳ ಕಾಣುವ ತನಕ ಇಳಿಸಲಿಲ್ಲ. ಇನ್ನೊಂದು ಚೊಂಬು ಕೇಳಿ, ಅದನ್ನೂ ಕುಡಿದರು. ಅಂಗಿಯ ಮುಂಭಾಗವೆಲ್ಲ ಒದ್ದೆ. ಹೆಡ್‌ಮಾಸ್ಟರು ಎಮ್ಮೆಯ ಹಾಗೆ ನೀರು ಕುಡಿಯುತ್ತಾರಲ್ಲ ಎಂದು ಚಂದ್ರಲೇಖಾ ಬಾಗಿಲ ಮರೆಯಲ್ಲಿ ನಿಂತು ಕಿಸಿಕಿಸಿ ನಕ್ಕಿದ್ದಳು.

ಇದನ್ನು ಮೈಕಿನ ಮುಂದೆ ಹೇಗೆ ಹೇಳುವುದು?

ಇದರ ನಡುವೆ ಇನ್ನೊಂದು ಕೊರೆತ. ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಮಾಲಿನಿ ಎಂಬ ಹುಡುಗಿಯನ್ನು ಕಂಪನಿಯವರೇ ಸಂಜೆ ಡಿಪ್ಲೊಮಾ ಓದಿಸಲು ಆರಿಸಿದ್ದರು. ಸೋಮವಾರ ಸೇರದಿದ್ದರೆ ಆ ಜಾಗ ಬೇರೆಯವರ ಪಾಲು. ಮಾಲಿನಿಯ ತಾಯಿ ಶ್ಯಾಮಲಮ್ಮ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ಕತ್ತಲಾದ ಮೇಲೆ ಮನೆ ಸೇರುವ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎನ್ನುವುದು ಗಂಡನಿಲ್ಲದ ಆ ತಾಯಿಯ ಭಯ. ಚಂದ್ರಲೇಖಾ ಫೋನಿನಲ್ಲಿ ಬೇಡಿದ್ದೂ ಆಗಿತ್ತು, ಗದರಿದ್ದೂ ಆಗಿತ್ತು.

ಭಾನುವಾರ ರೇಷ್ಮೆ ಸೀರೆ ಉಟ್ಟು ಆಲಸನತ್ತಂನ ಮನೆಯಿಂದ ಸ್ಕೂಟರ್ ಹೊರಡಿಸಿದವಳು, ಬಾಗಲೂರಿನ ದಾರಿ ಹಿಡಿಯುವ ಬದಲು ಮಾಲಿನಿಯ ಮನೆಯಿರುವ ಮೂಕಂಡಪಲ್ಲಿಗೆ ತಿರುಗಿಸಿದಳು. ಐದು ನಿಮಿಷ ಮಾತಾಡಿ ಹೋದರಾಯಿತು ಅಂದುಕೊಂಡಿದ್ದಳು.

ಸಾಲು ಮನೆಗಳ ವಠಾರ. ಜಗುಲಿ ಎಲ್ಲಿಂದ ಬರಬೇಕು, ಬಾಗಿಲಿಗೆ ಒಂದು ಮೆಟ್ಟಿಲು, ತಲೆಯ ಮೇಲೆ ಕಾದ ತಗಡು. ಶ್ಯಾಮಲಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅವಳೂ ಬಾಗಲೂರಿನ ಆಚೆಯ ಹಳ್ಳಿಯವಳೇ. ಮೇಡಮ್ ಮನೆ ತನಕ ಬಂದದ್ದು ಕಂಡು ಗಾಬರಿಯಾಗಿ, ಒಳಗಿನಿಂದ ಲೋಟದ ತುಂಬ ನೀರು ತಂದು ಕೊಟ್ಟಳು. ಆ ಬಿಸಿಲಿನಲ್ಲಿ ಬಂದ ಚಂದ್ರಲೇಖಾಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅದನ್ನು ಮೆಲ್ಲಗೆ ಮೆಟ್ಟಿಲ ಮೂಲೆಗೆ ಇಟ್ಟು, ಒಂದು ಕಟ್ಟು ಸೊಪ್ಪು ಎಳೆದುಕೊಂಡು ಕೂತಳು.

ಶ್ಯಾಮಲಮ್ಮ ಲೋಟ ನೋಡಿದಳು, ಮೇಡಮ್ಮಿನ ರೇಷ್ಮೆ ಸೀರೆ ನೋಡಿದಳು. ಸರಕ್ಕನೆ ಒಳಗೆ ಹೋಗಿ ತಲೆ ಬಾಚಿ, ಸೆರಗು ಸರಿಮಾಡಿಕೊಂಡು ಬಂದಳು.

"ಯಾವೂರ್ ಕಡೆ ಸಂಬಂದ ಮೇಡಮ್?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

ಅಪ್ಪನ ಹಬ್ಬದ ಅಂಗಿ ಕಣ್ಣಿಗೆ ಕಟ್ಟಿ ಚಂದ್ರಲೇಖಾಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಸಂಬಂಧವಲ್ಲ, ಮಾಲಿನಿಯನ್ನು ಓದಿಗೆ ಕೇಳಲು ಬಂದಿದ್ದೇನೆ ಎಂದಳು. ಶ್ಯಾಮಲಮ್ಮನಿಗೆ ಸಿಟ್ಟು ಬಂತು. ಹಳೇ ಮಾತನ್ನೇ ಮತ್ತೆ ಹೇಳಿದಳು, ಹಣೆಬರಹವನ್ನು ಬೈದಳು, ನೀರಾದರೂ ಕುಡಿಯಿರಿ ಎಂದು ಅಂಗಲಾಚಿದಳು. ಚಂದ್ರಲೇಖಾ ಸೊಪ್ಪು ಬಿಡಿಸುತ್ತಲೇ ಇದ್ದಳು. ಪಕ್ಕದ ಮನೆಯ ಸೆಲ್ವಿ ಇಣುಕಿ, ಹುಡುಗಿ ನೋಡಲು ಬಂದಿದ್ದಾರಾ ಎಂದು ತಮಿಳಿನಲ್ಲಿ ವಿಚಾರಿಸಿ ಹೋದಳು. ವೆಂಕಿಯ ಫೋನು ಬಂದು, ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಮೇಷ್ಟ್ರ ಸಭೆಯೇ ತಪ್ಪಿಹೋಗುತ್ತಿದೆ ಎಂದು ಅವಳಿಗೆ ಸಂಕಟವಾಯಿತು. ಎದ್ದರೆ ಹುಡುಗಿಯ ಓದು ಇಲ್ಲಿಗೇ ಮುಗಿಯಿತು ಎನ್ನುವುದೂ ಗೊತ್ತಿತ್ತು. ತಗಡಿನ ಕಾವಿಗೆ ತಲೆ ಸುತ್ತುತ್ತಿತ್ತು. ಕಣ್ಣು ಬೇಡವೆಂದರೂ ಲೋಟದ ಕಡೆಗೇ ಹೋಗುತ್ತಿತ್ತು.

ಸೊಪ್ಪು ಖಾಲಿಯಾಯಿತು. ಶ್ಯಾಮಲಮ್ಮ ಸೋತವಳ ಹಾಗೆ ಪಕ್ಕದಲ್ಲೇ ಕುಸಿದು ಕೂತಳು.

"ನಿಮ್ಗ್ಯಾಕೆ ಮೇಡಮ್ ಇಷ್ಟು ಹಟ?"

"ನನ್ನೂ ಒಬ್ರು ಹಿಂಗೇ ಕೂತು ಕೇಳಿದ್ರಕ್ಕ. ಇಲ್ದಿದ್ರೆ ನಾನು ಇನ್ನೂ ಹುಣ್ಸೆ ಬಿಡಿಸ್ತಾ ಇರ್ತಿದ್ದೆ. ಕಿಲಾಸು ಮುಗಿಯೋ ಹೊತ್ಗೆ ನಾನೇ ಗೇಟತ್ರ ಇರ್ತೀನಿ. ದಿನಾ ನನ್ನ ಗಾಡೀಲೇ ತಂದು ಈ ಮೆಟ್ಲತ್ರ ಬಿಡ್ತೀನಿ. ಅವ್ಳ ಓದು ಮುಗಿಯೋಗಂಟ."

ಶ್ಯಾಮಲಮ್ಮ ಮಡಿಲಿನ ಸೊಪ್ಪಿನ ಕಡ್ಡಿಗಳನ್ನು ಕೊಡವಿಕೊಂಡಳು. ಆಮೇಲೆ ಲೋಟವನ್ನು ಎತ್ತಿ, ಚಂದ್ರಲೇಖಾಳ ಕೈಗೆ ತಾನೇ ಇಟ್ಟಳು.

"ಹೂಂ. ಕುಡೀರವ್ವ."

ಬಿಸಿಲಿಗೆ ಬೆಚ್ಚಗಾಗಿದ್ದ ಆ ನೀರಿನ ಲೋಟವನ್ನು ಚಂದ್ರಲೇಖಾ ತಳ ಕಾಣುವ ತನಕ ಇಳಿಸಲಿಲ್ಲ. ಇನ್ನೊಂದು ಲೋಟ ಕೇಳಿದಳು. ಗದ್ದದಿಂದ ಇಳಿದ ನೀರು ರೇಷ್ಮೆ ಸೀರೆಯನ್ನು ತೋಯಿಸಿತು. ಬಾಗಿಲ ಮರೆಯಲ್ಲಿ ಮಾಲಿನಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಚಂದ್ರಲೇಖಾ ಸಭೆ ನಡೆಯುತ್ತಿದ್ದ ಹೈಸ್ಕೂಲು ತಲುಪುವ ಹೊತ್ತಿಗೆ ವೆಂಕಿ ವಂದನಾರ್ಪಣೆಯನ್ನೂ ಮುಗಿಸಿದ್ದ. ಮುಖ ಊದಿಸಿಕೊಂಡೇ ಮೈಕು ಕೈಗೆ ಕೊಟ್ಟು, ಎರಡೇ ಮಾತು ಎಂದ. ಹೂವಿನ ಹಾರ ಹಾಕಿದ ಫೋಟೋದೊಳಗಿನಿಂದ ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಕೂಡಿಸಿಕೊಂಡಿದ್ದ ಅರೆಬರೆ ಮಾತು ಒಂದೂ ನೆನಪಾಗಲಿಲ್ಲ.

"ಅವತ್ತು ನಮ್ಮನೆ ಜಗ್ಲಿ ಮೇಲೆ ಮೇಷ್ಟ್ರಿಗೆ ಎಷ್ಟು ಬಾಯಾರಿತ್ತು ಅಂತ ನಂಗೆ ಇವತ್ತು ಗೊತ್ತಾಯ್ತು," ಎಂದಳು.

ವೆಂಕಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಎದ್ದು ಹೊರಡುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ನಿಂತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮನೆಗಳ ಜಗುಲಿಯ ಮೇಲೂ ಮೇಷ್ಟ್ರು ನೀರು ಮುಟ್ಟದೆ ಕೂತಿದ್ದರು.