ಧನಪಾಲ ಮಾಸ್ತರರ ಕೊನೆಯ ಮಾತು

ನನ್ನ ಮಗಳು ಕುಸುಮಳ ನಿಶ್ಚಯ ಇಟ್ಟುಕೊಂಡದ್ದು ಎಂಬತ್ತೇಳರ ಡಿಸೆಂಬರಿನಲ್ಲಿ, ಬೇಡಕಿಹಾಳದ ನಮ್ಮ ಮನೆಯಂಗಳದಲ್ಲಿ. ಚಳಿಗಾಲದ ಹೊತ್ತು ಯಾರಿಗೂ ಕಾಯುವುದಿಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ, ಒಂದು ಹನಿ ನೀರನ್ನೂ ಮುಟ್ಟುವಂತಿಲ್ಲ. ಗಂಡಿನ ಅಜ್ಜಿ ಸೋನಾಬಾಯಿಯವರದು ಇನ್ನೂ ಬಿಗಿ, ದಿನಕ್ಕೆ ಒಂದೇ ಊಟದ ನೇಮ. ಅವತ್ತಿನ ಊಟವನ್ನು ನಮ್ಮ ಮನೆಗೆಂದೇ ಉಳಿಸಿಕೊಂಡು ಬಂದಿದ್ದರು. ಅವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಬೀಗರೆದುರು ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಉಡಿ ತುಂಬಿ ಆಯಿತು. ಅಷ್ಟರಲ್ಲಿ ಗಂಡಿನ ಕಾಕಾ ಧನಪಾಲ ಮಾಸ್ತರರು ಮೈಕು ಹಿಡಿದರು. ಚಿಕ್ಕೋಡಿಯಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. "ಇನ್ ಎ ನಟ್‌ಶೆಲ್ ಹೇಳಿಬಿಡ್ತೀನ್ರಿ" ಎಂದು ಶುರು ಮಾಡಿದರು.

"ಲಾಸ್ಟ್ ಬಟ್ ನಾಟ್ ಲೀಸ್ಟ್" ಎಂದಾಗ ನನ್ನ ಗಂಡ ಕಿವಿಯಲ್ಲಿ, "ಮುಗೀತಂತ ಅದರ ಅರ್ಥ, ಎಲಿ ಹಾಕಸು" ಎಂದರು. ಹಾಕಿಸಿದೆ. ಮಾಸ್ತರರು ನೀರು ಕುಡಿದು ಮುಂದುವರಿದರು. "ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್" ಎಂದಾಗ ಅನ್ನ ಬಸಿದೆವು. ಮಾತು ಅವರ ಕಾಲೇಜಿನ ದಿನಗಳಿಗೆ ಹೋಯಿತು. "ಬಿಫೋರ್ ಐ ಕನ್‌ಕ್ಲೂಡ್" ಎಂದಾಗ ಜನ ತಡೆಯಲಾರದೆ ಚಪ್ಪಾಳೆ ತಟ್ಟಿಯೇಬಿಟ್ಟರು. ಅದರಿಂದ ಅವರಿಗೆ ಇನ್ನಷ್ಟು ಹುರುಪು ಬಂತು. ಮುಗಿಸುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತುಗಳಿವೆ, ಒಂದಕ್ಕಾದರೂ ಮುಗಿಸುವ ಶಕ್ತಿ ಬೇಡವೆ? ನನಗೆ ಮೈಯೆಲ್ಲ ಉರಿಯಿತು.

ಬಿಸಿಲು ಕಬ್ಬಿನ ಗರಿಗಳ ತುದಿಯಲ್ಲಷ್ಟೇ ಉಳಿದಿತ್ತು. "ಹೋಗಿ ಹೇಳ್ರಿ" ಎಂದೆ ಗಂಡನಿಗೆ.

"ಬೀಗರನ್ನ ಹೆಂಗ ತಡಿಯೂದು? ಹೆಣ್ಣ ಕೊಡಾವ್ರು ನಾವು."

ನಾನೇ ತಾಟು ಬಡಿಸಿಕೊಂಡು ಹೋದೆ. ಮೈಕಿನ ಎದುರಿಗೇ ಕುಳಿತಿದ್ದ ಸೋನಾಬಾಯಿಯವರ ಮುಂದೆ ಇಟ್ಟೆ.

"ಹೊತ್ತ ಮುಳಗಾಕತ್ತೈತ್ರಿ, ಊಟಾ ಮಾಡ್ರಿ."

ಮಾಸ್ತರರು ಬಾಯಿ ತೆರೆದುಕೊಂಡೇ ನಿಂತರು. ಕುಸುಮ ತಲೆ ತಗ್ಗಿಸಿದಳು. ಅಜ್ಜಿ ತಾಟನ್ನು ಹತ್ತಿರ ಎಳೆದುಕೊಂಡು, "ಧನಪಾಲಾ, ನೀ ಮುಗಿಸ್ಕೊಂತ ಇರು. ನಾವು ಉಣ್ಕೊಂತ ಕೇಳ್ತೀವಿ" ಎಂದರು.

ಪೆಂಡಾಲಿಗೆ ಪೆಂಡಾಲೇ ಎದ್ದು ಎಲೆಗಳತ್ತ ಹೋಯಿತು. ಮಾಸ್ತರರು ಬಿಡುವ ಪೈಕಿಯವರಲ್ಲ. "ಫೈನಲಿ" ಎಂದು ಖಾಲಿ ಜಮಖಾನಕ್ಕೇ ಮಾತಾಡಿದರು. ಅವರು "ದಟ್ಸ್ ಆಲ್" ಎಂದು ಮೈಕು ಕೆಳಗಿಟ್ಟಾಗ ನಾವು ದೀಪ ಹಚ್ಚಿದ್ದೆವು.

ಅಡುಗೆಮನೆಯ ಬಾಗಿಲಿಗೆ ಬಂದು, ಒಮ್ಮೆ ಆಕಾಶ ನೋಡಿ, ಸಣ್ಣ ದನಿಯಲ್ಲಿ ಕೇಳಿದರು.

"ಮುಗೀತೇನ್ರಿ, ಅಕ್ಕಾರ?"

ಅಷ್ಟು ಹೊತ್ತಿನ ಸಿಟ್ಟೆಲ್ಲ ಇಳಿದು ಕರುಳು ಚುರ್ ಎಂದಿತು. ಆದರೆ ಒಂದು ಲೋಟ ನೀರು ಕೂಡ ಕೊಡುವಂತಿರಲಿಲ್ಲ.

"ಮುಗೀತ್ರಿ, ಮಾಸ್ತರ್ರ" ಎಂದೆ.