ಗೋತ್ರ ಗೊತ್ತಿಲ್ಲದ ಸಖ

"ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ ಅಂತ ಹೇಳಿ ತರ್ಪಣ ಬಿಡಬಹುದು ಕಣಪ್ಪ. ಶಾಸ್ತ್ರದಲ್ಲೇ ಅವಕಾಶ ಇದೆ," ಎಂದು ಲಕ್ಷ್ಮೀನರಸಿಂಹ ಅವರು ಸೋಫಾದ ತುದಿಗೆ ಸರಿದು ಕೂತರು. ಎದುರಿಗೆ ಕಾಫಿ ಲೋಟ ಹಿಡಿದಿದ್ದ ಕ್ಲೇಟನ್ ತಲೆಯಾಡಿಸಿದ. ಬೆಳ್ಮಣ್ ಕಡೆಯ ಕ್ರಿಶ್ಚಿಯನ್ ಹುಡುಗ. ಗೋತ್ರ, ತರ್ಪಣ ಇವೆಲ್ಲ ಅವನಿಗೆ ಎಷ್ಟು ಅರ್ಥವಾಯಿತೋ. ಅವನು ಬಂದದ್ದು ತನ್ನ ಎಂಜಿನಿಯರ್, ಮುದುಕರ ಮಗ ಧನಂಜಯನನ್ನು ಕಾಣಲು. ಶುಕ್ರವಾರದ ಸಾಮಾನು ತರಲು ಎಗೈಲಾ ಪೇಟೆಗೆ ಹೋದ ಧನಂಜಯ ಇನ್ನೂ ಫಿಂಟಾಸಿನ ಮನೆಗೆ ಮರಳಿರಲಿಲ್ಲ. ಮೈಸೂರಿನಿಂದ ಈ ಅರಬ್ಬಿ ನಾಡಿಗೆ, ಮಗನ ಮನೆಗೆ ಬಂದಾಗಿನಿಂದ ಮುದುಕರು ಸಿಕ್ಕವರಿಗೆಲ್ಲ ಹೇಳುತ್ತಿದ್ದುದು ಒಂದೇ ಕಥೆ. ಇವತ್ತು ಅದು ಕ್ಲೇಟನ್ ಪಾಲಿಗೆ ಬಂದಿತ್ತು.

ಕಥೆ ವಿಯೆಟ್ನಾಮಿನ ತ್ರೋಯ್ ಎಂಬ ಯುವಕನದು. ಸೈಗಾನಿನಲ್ಲಿ ಎಲೆಕ್ಟ್ರಿಶಿಯನ್. ಅಮೆರಿಕದ ರಕ್ಷಣಾ ಮಂತ್ರಿ ಹಾದುಹೋಗುವ ಸೇತುವೆಗೆ ಸಿಡಿಮದ್ದು ಇಡಲು ಹೋಗಿ ಸಿಕ್ಕಿಬಿದ್ದ. ಅರವತ್ತನಾಲ್ಕರಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. ಮೈಸೂರಿನಲ್ಲಿ ಓದುತ್ತಿದ್ದಾಗ ಯಾರೋ ಕೈಗಿಟ್ಟ ಕರಪತ್ರದಲ್ಲಿ ಲಕ್ಷ್ಮೀನರಸಿಂಹ ಇದನ್ನು ಓದಿ ಅತ್ತಿದ್ದರು. ಮುಂದೆ ತಂದೆ ತೀರಿಕೊಂಡು ತಾವೇ ತರ್ಪಣ ಬಿಡತೊಡಗಿದ ಮೇಲೆ, ಪ್ರತಿ ಮಹಾಲಯ ಅಮಾವಾಸ್ಯೆಯಂದು, ಹಿರಿಯರೆಲ್ಲ ಮುಗಿದು ಸಖರ ಸರದಿ ಬಂದಾಗ ಅವನ ಹೆಸರಿಗೂ ಒಂದು ಬೊಗಸೆ ಎಳ್ಳುನೀರು ಬಿಡುತ್ತ ಬಂದರು. ಬ್ಯಾಂಕಿನ ಯೂನಿಯನ್ನಿನಲ್ಲಿ ಕೆಂಪು ಬಾವುಟ ಹಿಡಿದವನು ಹೀಗೆ ಮಾಡುವುದೇ ಎಂದು ಗೆಳೆಯರು ನಗುತ್ತಿದ್ದರು. ಬಾವುಟ ಬ್ಯಾಂಕಿಗೆ, ಎಳ್ಳು ಮನೆಗೆ ಎಂದು ಇವರೂ ನಗುತ್ತಿದ್ದರು. ಎರಡರಿಂದಲೂ ಅವರಿಗೆ ಯಾವತ್ತೂ ಏನೂ ತೊಂದರೆಯಾಗಲಿಲ್ಲ.

"ಎಷ್ಟು ಚಿತ್ರಹಿಂಸೆ ಕೊಟ್ರೂ ಜೊತೆಯವರ ಹೆಸರು ಹೇಳ್ಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಬೇಡಿ, ನನ್ನ ನೆಲ ನೋಡ್ತೀನಿ ಅಂದ. ನಿನ್ನ ಹಾಗೇ ಎಲೆಕ್ಟ್ರಿಶಿಯನ್ನು, ಹೆಚ್ಚುಕಡಿಮೆ ನಿನ್ನದೇ ವಯಸ್ಸು."

"ತಾತಾ, ಡಿಡ್ ಯು ಎವರ್ ಗೋ ಟು ಜೈಲ್?" ಎಂದು ಮೊಮ್ಮಗಳು ಬೃಂದಾ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು.

"ಆಗ ನಿಮ್ಮಪ್ಪ ಇನ್ನೂ ಚಿಕ್ಕೋನು ಕಣೇ."

ಕ್ಲೇಟನ್ ಲೋಟ ಕೆಳಗಿಟ್ಟ. "ಪಾಪ ಅಲ್ವಾ ಅಜ್ಜ. ಅವನಿಗೆ ಮದುವೆ ಆಗಿತ್ತಾ?"

"ಆಗಿತ್ತು, ಹೊಸದಾಗಿ."

"ಮತ್ತೆ ಅವಳು ಎಂತ ಮಾಡಿದ್ಳು?"

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಲಕ್ಷ್ಮೀನರಸಿಂಹ ಅವರಿಗೆ ಗೊತ್ತಿರಲಿಲ್ಲ. ಇನ್ನೊಂದು ಚೂರು ಕಾಫಿ ತರಲು ಸೊಸೆ ಯಾಮಿನಿಯನ್ನು ಕೂಗಿದರು.

ಅಷ್ಟರಲ್ಲಿ ಧನಂಜಯ ಬಂದ. ಕ್ಲೇಟನ್‌ನನ್ನು ಕಂಡು ಅವನ ಮುಖ ಬಿಗಿಯಿತು. ಆಗಸ್ಟಿನಲ್ಲಿ ಸುಲೈಬಿಯಾದ ಗೋದಾಮಿನಲ್ಲಿ ನಡೆದದ್ದು ಮನೆಯವರಿಗೆಲ್ಲ ಗೊತ್ತಿತ್ತು. ನಡುಮಧ್ಯಾಹ್ನದ ಬಿಸಿಲಲ್ಲಿ ಬಯಲು ಕೆಲಸ ಮಾಡಿಸಬಾರದೆಂಬ ಕಾನೂನಿದ್ದರೂ ಕಂಪನಿ ಆಳುಗಳನ್ನು ತಗಡಿನ ಮಾಡಿನ ಮೇಲೆ ಹತ್ತಿಸಿತ್ತು. ಒಬ್ಬ ಬವಳಿ ಬಂದು ಬಿದ್ದ. ಕ್ಲೇಟನ್ ಮೇನ್ ಸ್ವಿಚ್ ಇಳಿಸಿ ಕೆಲಸ ನಿಲ್ಲಿಸಿದ. ಅದೇ ಲೈನಿನಲ್ಲಿದ್ದ ಕೋಲ್ಡ್ ಸ್ಟೋರೇಜಿನ ಮಾಲೆಲ್ಲ ಕೊಳೆತುಹೋಯಿತು. ಈಗ ಕಂಪನಿ, ಇವನು ಬೇಕೆಂದೇ ಹಾಳು ಮಾಡಿದ ಎಂದು ಪೊಲೀಸರಿಗೆ ಒಪ್ಪಿಸಲು ಹೊರಟಿತ್ತು. ಮನೆಯವರಿಗೆ ಗೊತ್ತಿಲ್ಲದ್ದು ಒಂದೇ.

"ಸರ್, ಭಾನುವಾರ ಕಫೀಲ್ ಬರ್ತಾರೆ, ಮಾಲೀಕರೇ ಒಬ್ಬೊಬ್ಬರನ್ನು ಕರೆದು ಕೇಳ್ತಾರಂತೆ. ಸ್ವಿಚ್ ಇಳಿಸು ಅಂತ ಫೋನಲ್ಲಿ ನೀವೇ ಹೇಳಿದ್ದು ಅಂತ ಒಂದು ಮಾತು ಹೇಳಿ, ಆಯ್ತಾ. ನೀವು ಎಂಜಿನಿಯರ್, ನಿಮಗೆ ಬೈತಾರೆ ಅಷ್ಟೆ. ನನ್ನನ್ನು ಒಳಗೆ ಹಾಕ್ತಾರೆ."

"ನೋಡೋಣ ಕ್ಲೇಟನ್. ಯೋಚನೆ ಮಾಡಬೇಡ."

ಕ್ಲೇಟನ್ ಹೋಗುವಾಗ ಮುದುಕರ ಕಾಲು ಮುಟ್ಟಿ ನಮಸ್ಕರಿಸಿದ. ಬಾಗಿಲು ಮುಚ್ಚಿತು. ಧನಂಜಯ ಕುರ್ಚಿಯಲ್ಲಿ ಕುಸಿದು ಕೂತ.

"ಹೌದಪ್ಪ, ನಾನೇ ಹೇಳಿದ್ದು. ಇಳಿಸು, ಮುಂದಿಂದು ನಾನು ನೋಡ್ಕೋತೀನಿ ಅಂದಿದ್ದೆ. ಭಾನುವಾರ ಹೇಳಿಬಿಡ್ತೀನಿ. ಕೆಲಸ ಹೋದ್ರೆ ಹೋಗಲಿ."

ಭೇಷ್ ಎಂದು ತಂದೆ ಬೆನ್ನು ತಟ್ಟುತ್ತಾರೆ ಎಂದು ಅವನು ಕಾದ. ಚಿಕ್ಕಂದಿನಿಂದ ತ್ರೋಯ್ ಕಥೆ ಕೇಳಿ ಬೆಳೆದವನು ಬೇರೆ ಏನನ್ನು ಕಾಯುತ್ತಾನೆ? ಲಕ್ಷ್ಮೀನರಸಿಂಹ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ಫೋನಲ್ಲಿ ಹೇಳಿದ್ದು ತಾನೆ? ಬರವಣಿಗೇಲಿ ಏನೂ ಇಲ್ವಲ್ಲ?"

"ಇಲ್ಲ."

"ಮತ್ತೆ ನೀನ್ಯಾಕೋ ಹೋಗಿ ಕೊರಳು ಕೊಡ್ತೀಯ? ಬೃಂದಾ ಹತ್ತನೇ ಕ್ಲಾಸು. ಇಲ್ಲಿರೋ ಪರ್ಮಿಟ್ಟು, ಇಕಾಮಾ ಹೋದ್ರೆ ಮೂರೂ ಜನ ಗಂಟುಮೂಟೆ ಕಟ್ಟಬೇಕು. ಆ ಹುಡುಗ ಒಂಟಿ. ಊರಿಗೆ ಹೋದ್ರೆ ಎಲ್ಲಾದ್ರೂ ವೈರ್ ಎಳೆದು ಬದುಕ್ಕೋತಾನೆ."

"ಜೈಲಿಗೆ ಹಾಕಿದ್ರೆ, ಮಾವ?" ಯಾಮಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೀನು ಸುಮ್ಮನಿರಮ್ಮ. ಅದು ಬೇರೆ, ಇದು ಬೇರೆ," ಎಂದರು ಅವರು. ಯಾವುದು ಬೇರೆ ಎಂದು ಅವಳು ಕೇಳಿರಲಿಲ್ಲ. ಧನಂಜಯನಿಗೆ ತಂದೆಯ ಮೇಲೆ ಅಸಹ್ಯ ಬಂತು. ಆ ಮಾತು ಕೇಳಿ ಎದೆಯ ಭಾರ ಇಳಿದದ್ದಕ್ಕೆ ತನ್ನ ಮೇಲೆ ಇನ್ನೂ ಹೆಚ್ಚು ಅಸಹ್ಯ ಬಂತು.

ಭಾನುವಾರವೇ ಮಹಾಲಯ ಅಮಾವಾಸ್ಯೆ. ಕಫೀಲ್ ಸಭ್ಯ ಮನುಷ್ಯ, ಧನಂಜಯನಿಗೆ ಚಹಾ ತರಿಸಿದ. ಸ್ವಿಚ್ ಇಳಿಸಲು ನೀನು ಹೇಳಿದೆಯಾ ಎಂದು ಕೇಳಿದ. "ಲಾ," ಎಂದ ಧನಂಜಯ. ಇಲ್ಲ ಎನ್ನಲು ಅರಬ್ಬಿಯಲ್ಲಿ ಒಂದೇ ಅಕ್ಷರ ಸಾಕು, ನಾಲಿಗೆಗೆ ಶ್ರಮವೂ ಇಲ್ಲ. ಬೇರೆ ಬಾಗಿಲಿನಿಂದ ಅವನನ್ನು ಹೊರಗೆ ಕಳಿಸಿದರು, ಕ್ಲೇಟನ್ ಕಣ್ಣಿಗೆ ಬೀಳಲಿಲ್ಲ. ರಜೆ ಹಾಕಿ ಮಧ್ಯಾಹ್ನದೊಳಗೆ ಮನೆ ಸೇರಿದ.

ತರ್ಪಣಕ್ಕೆ ಎಲ್ಲ ಅಣಿಯಾಗಿತ್ತು. ಬಾಲ್ಕನಿಯಲ್ಲಿ ಮಣೆ, ಹಿತ್ತಾಳೆ ತಟ್ಟೆ, ಮೈಸೂರಿನಿಂದ ತಂದ ದರ್ಭೆ, ಬಟ್ಟಲಲ್ಲಿ ಕರಿ ಎಳ್ಳು. ಒಳಗೆ ವಡೆ ಕರಿದ ವಾಸನೆ. ಲಕ್ಷ್ಮೀನರಸಿಂಹ ಮಗನ ಮುಖ ನೋಡಿದರು. ಅವನು ತಲೆಯಾಡಿಸಿದ. "ಒಳ್ಳೇದಾಯ್ತು, ಕೈಕಾಲು ತೊಳ್ಕೊಂಡು ಬಾ," ಎಂದು ಜನಿವಾರವನ್ನು ಬಲಭುಜಕ್ಕೆ ಬದಲಿಸಿಕೊಂಡರು.

ಧನಂಜಯ ಚೊಂಬು ಹಿಡಿದು ನೀರು ಬಿಡುತ್ತ ಹೋದ. ತಂದೆ, ತಾತ, ಮುತ್ತಾತ ಮುಗಿದರು. ಹೋದ ವರ್ಷ ತೀರಿಕೊಂಡ ಹೆಂಡತಿ ಪದ್ಮಮ್ಮನ ಹೆಸರು ಬಂದಾಗ ಮುದುಕರು ತುಸು ಹೆಚ್ಚೇ ಎಳ್ಳು ತೆಗೆದುಕೊಂಡರು. ಅತ್ತೆ, ಮಾವ, ಗುರುಗಳು ಆದರು. ಸಖರ ಸರದಿ ಬಂತು. ಅಂಗೈಗೆ ಎಳ್ಳು ತೆಗೆದುಕೊಂಡು "ಕಾಶ್ಯಪ ಗೋತ್ರಂ..." ಎಂದು ಅವರು ಶುರುಮಾಡುವಾಗ ಧನಂಜಯನ ಜೇಬಿನಲ್ಲಿ ಫೋನ್ ರಿಂಗಾಯಿತು. ಕ್ಲೇಟನ್. ತೆಗೆಯದೆ ಇರಲು ಮನಸ್ಸು ಬರಲಿಲ್ಲ. ಒದ್ದೆ ಕೈಯಲ್ಲಿ ಸ್ಪೀಕರ್ ಒತ್ತಿ ಪಕ್ಕದ ಸ್ಟೂಲಿನ ಮೇಲಿಟ್ಟ.

"ಸರ್, ಖಲಾಸ್. ನಾನೇ ಇಳಿಸಿದ್ದು, ನನಗೆ ಯಾರೂ ಹೇಳ್ಲಿಲ್ಲ ಅಂತ ಹೇಳಿ ಆಯ್ತು. ನೀವು ಎಂತದೂ ಹೇಳ್ಲಿಕ್ಕೆ ಹೋಗ್ಬೇಡಿ. ಮೊನ್ನೆ ನಿಮ್ಮಲ್ಲಿಂದ ಬರುವಾಗ ಆ ಮಗು ಓದ್ತಾ ಇದ್ಲಲ್ಲ, ನೋಡಿ ಬೇಜಾರಾಯ್ತು. ನೀವು ನಿಜ ಹೇಳಿ ಕೆಲಸ ಕಳ್ಕೊಂಡ್ರೆ ಅವಳ ಗತಿ ಎಂತ." ಹಿಂದಿನಿಂದ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತಿದ್ದರು. "ಫೋನ್ ತಗೊಳ್ತಾರೆ ಸರ್ ಈಗ. ಅಜ್ಜನಿಗೆ ಹೇಳಿ ಆಯ್ತಾ, ನಾನು ಹೆಸರು ಹೇಳ್ಲಿಲ್ಲ ಅಂತ."

ಕರೆ ನಿಂತಿತು. ಒಳಗೆ ಯಾಮಿನಿ ಒಲೆ ಆರಿಸಿದ ಸದ್ದು ಕೇಳಿಸಿತು.

ಲಕ್ಷ್ಮೀನರಸಿಂಹ ಅವರ ಅಂಗೈ ಚಾಚಿದಂತೆಯೇ ಇತ್ತು. ಧನಂಜಯ ಚೊಂಬು ಬಗ್ಗಿಸಲಿಲ್ಲ, ಕೆಳಗೂ ಇಡಲಿಲ್ಲ. ಮುದುಕರ ತುಟಿ ಎರಡು ಸಲ ಅಲುಗಿತು. ಹೆಸರು ಹೊರಗೆ ಬರಲಿಲ್ಲ.

"ಸಾಕು," ಎಂದರು ಕೊನೆಗೆ. "ಚೊಂಬು ಇಡು."

ಎಳ್ಳನ್ನು ಬಟ್ಟಲಿಗೆ ವಾಪಸು ಸುರಿಯಲು ಅಂಗೈ ಮಗುಚಿದರು. ಕೈ ಒದ್ದೆಯಾಗಿದ್ದರಿಂದ ಅರ್ಧದಷ್ಟು ಕಾಳು ಬೀಳಲೇ ಇಲ್ಲ. ಎಲೆ ಹಾಕಿದೆ, ಬನ್ನಿ ಎಂದು ಯಾಮಿನಿ ಒಳಗಿನಿಂದ ಕರೆದಳು. ಅವರು ಮಣೆಯ ಮೇಲೆ ಕೂತೇ ಇದ್ದರು, ಗೆರೆಗಳಲ್ಲಿ ಸಿಕ್ಕಿಕೊಂಡ ಕಾಳುಗಳನ್ನು ಇನ್ನೊಂದು ಕೈಯ ಉಗುರಿನಿಂದ ಒಂದೊಂದಾಗಿ ಕೆರೆಯುತ್ತ.