ಬಳಸುದಾರಿಯ ಬಲಗಡೆ ಕಿಟಕಿ

ಮನುಷ್ಯ ಆಕಾಶದಲ್ಲಿ ಹಾಕಿಕೊಂಡ ದಾರಿಗಳಲ್ಲೆಲ್ಲ ಅತಿ ಉದ್ದದ್ದೂ ಅತಿ ನಿಧಾನದ್ದೂ ಆದ ಬಳಸುದಾರಿಯಲ್ಲಿ ಗ್ರಹಗಳ ಸೆಳೆತ, ಇಂಧನದ ಕೊರತೆ, ಉಲ್ಕೆಗಳ ಕಾಟ ಇವೆಲ್ಲಕ್ಕಿಂತ ಘನವಾದ ಸಮಸ್ಯೆಯೊಂದಿದೆ. ಕಿಟಕಿ ಎಡಗಡೆಯದು ಸಿಕ್ಕಿತೋ ಬಲಗಡೆಯದೋ ಎಂಬುದೇ ಅದು. ಈ ಪ್ರಶ್ನೆಯ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ನಿಶ್ಚಯವಾದ ಮದುವೆಗಳು ಮುರಿದಿವೆ, ಒಬ್ಬ ಕಂಡಕ್ಟರ್ ಕೆಲಸ ಬಿಟ್ಟು ತರಕಾರಿ ಮಾರಲು ಹೋಗಿದ್ದಾನೆ. ಹೊರಗೆ ನೋಡುವುದಕ್ಕೆ ಇರುವುದು ಬರೀ ಕತ್ತಲು ಎಂಬುದು ಬೇರೆ ಮಾತು.

ದರ್ಜಿಯಮ್ಮನಿಗೆ ಎಡಗಡೆಯ ಕಿಟಕಿ ಸಿಕ್ಕಿತ್ತು. ಕೊಡಿಸಿದವನು ಅವಳ ತಮ್ಮ, ವೃತ್ತಿಯಿಂದ ಕ್ಷೌರಿಕ. ಟಿಕೆಟ್ ಕೊಡುವವನ ಹತ್ತಿರ ತಾನು ಹೇಗೆ ಹಟ ಹಿಡಿದು ನಿಂತೆ ಎಂಬ ಕಥೆಯನ್ನು ಅವನು ಹಡಗು ಹತ್ತುವ ಮುಂಚೆ ಒಂದು ಸಲ, ಹತ್ತಿದ ಮೇಲೆ ಅಕ್ಕಪಕ್ಕದವರಿಗೆಲ್ಲ ಒಂದೊಂದು ಸಲ ಹೇಳಿ ಮುಗಿಸಿ, ಬಾಯಿ ತೆರೆದುಕೊಂಡೇ ನಿದ್ದೆ ಹೋಗಿದ್ದ. ಕೊನೆಯ ನಿಲ್ದಾಣದಲ್ಲಿ ಅವನ ಮಗಳಿಗೆ ಹೆರಿಗೆ. ಅಕ್ಕ ಜೊತೆಯಲ್ಲಿದ್ದರೆ ಧೈರ್ಯ ಎಂದು ಕರೆದುಕೊಂಡು ಹೊರಟಿದ್ದ. ಧೈರ್ಯ ಬೇಕಾಗಿದ್ದುದು ಮಗಳಿಗಲ್ಲ, ಅವನಿಗೆ.

ಆದರೆ ದರ್ಜಿಯಮ್ಮ ಹೊರಟದ್ದು ಹೆರಿಗೆಗಾಗಿ ಮಾತ್ರ ಅಲ್ಲ. ಆ ದಾರಿಯಲ್ಲಿ, ಕೊನೆಯ ನಿಲ್ದಾಣಕ್ಕೆ ಸ್ವಲ್ಪ ಈಚೆಗೆ, ದೀಪದ ಬಂಡೆ ಎಂಬುದೊಂದು ಬರುತ್ತದೆ. ಹಡಗುಗಳಿಗೆ ದಾರಿ ತೋರಿಸುವ ದೊಡ್ಡ ದೀಪವೊಂದನ್ನು ಹೊತ್ತು ತೇಲುವ ಕಲ್ಲು ಅದು. ಹಿಂದೆ ಹಡಗು ಅಲ್ಲಿ ನಿಲ್ಲುತ್ತಿತ್ತು. ಇಳಿಯುವವರೂ ಇಲ್ಲ, ಹತ್ತುವವರೂ ಇಲ್ಲ ಎಂದು ಈಗ ನಿಲ್ಲದೆ, ಪಕ್ಕದಲ್ಲೇ ನಿಧಾನವಾಗಿ ಹಾದುಹೋಗುತ್ತದೆ. ಆ ದೀಪ ನೋಡಿಕೊಳ್ಳುವವಳು ದರ್ಜಿಯಮ್ಮನ ಮಗಳು.

ಮಗಳಿಗೆಂದು ಅಂಗಡಿಯಲ್ಲಿ ಎರಡನೇ ಹೊಲಿಗೆ ಮೆಷಿನ್ ತಂದಿಟ್ಟದ್ದೇ ಎಲ್ಲದಕ್ಕೂ ಮೂಲ. ಮಗಳು ಅದರ ಮುಂದೆ ಕೂತದ್ದು ಒಂದು ತಿಂಗಳು. ಅಷ್ಟರಲ್ಲಿ ದೀಪದ ಕೆಲಸ ಸಿಕ್ಕಿತು. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಗುಂಡುಸೂಜಿ ಇದ್ದಂತೆಯೇ ತಾಯಿ ಅಂದಿದ್ದಳು, ಹೋದರೆ ಮತ್ತೆ ಈ ಅಂಗಡಿ ಮೆಟ್ಟಿಲು ಹತ್ತಬೇಡ ಎಂದು. ಹುಟ್ಟಿದಾಗಿನಿಂದ ಅಮ್ಮನ ಒಂದು ಮಾತೂ ಕೇಳದಿದ್ದ ಹುಡುಗಿ ಅದೊಂದನ್ನು ಮಾತ್ರ ಅಕ್ಷರಶಃ ಪಾಲಿಸಿದಳು. ಮೆಷಿನ್ನಿಗೆ ತಾಯಿ ಬಟ್ಟೆ ಹೊದಿಸಿ, ವಾರವಾರವೂ ಎಣ್ಣೆ ಬಿಟ್ಟು, ಯಾರೂ ಮುಟ್ಟದಂತೆ ಕಾದಳು.

ಫೋನಿನಲ್ಲಿ ರಾಜಿಯಾಗೋಣ ಎಂದರೆ ಬಂಡೆ ದೂರ. ಇಲ್ಲಿ ಆಡಿದ ಮಾತು ಅಲ್ಲಿಗೆ ಮುಟ್ಟಿ ಉತ್ತರ ಬರುವಷ್ಟರಲ್ಲಿ ಒಂದು ಕುಪ್ಪಸದ ಅಂಚು ಹೊಲಿದು ಮುಗಿಸಬಹುದಿತ್ತು. ಊಟ ಆಯಿತಾ ಎಂದು ಕೇಳಿ, ಉತ್ತರ ಬಾರದೆ, ಅಷ್ಟೊಂದು ಸೊಕ್ಕಾ ಎಂದು ತಾಯಿ ರೇಗಿದ ಮೇಲೆ, ಆಯಿತಮ್ಮ ಎಂಬ ಮೆತ್ತಗಿನ ದನಿ ಬರುತ್ತಿತ್ತು. ಅದಕ್ಕೆ ತಾಯಿ ಕರಗಿ ಕಣ್ಣೊರೆಸಿಕೊಳ್ಳುವಾಗ, ಸೊಕ್ಕು ಯಾರಿಗೆ ಎಂದು ಮಗಳ ಗುಡುಗು. ಹೀಗೆ ಪ್ರತಿ ಸಲವೂ ಇಬ್ಬರೂ ಜಗಳವಾಡಿದ್ದು ಆಗಲೇ ಕರಗಿಹೋದ ಇನ್ನೊಬ್ಬರ ಜೊತೆ.

ಕೊನೆಗೆ ಮಗಳು ಸೋದರಮಾವನ ಮೂಲಕ ಹೇಳಿಕಳಿಸಿದ್ದಳು: ಇಲ್ಲಿಯ ಅವಧಿ ಮುಗಿಯುತ್ತಿದೆ. ಊರಿನ ಬಂದರಿನ ದೀಪಕ್ಕೆ ಆಳು ಬೇಕಂತೆ, ಬರಬಹುದು. ಬಂದರೆ ಮೆಷಿನ್ನಿಗೆ ಮಾತ್ರ ಕೂರುವುದಿಲ್ಲ. ಹಡಗು ಹಾಯುವಾಗ ನಾನು ಮೂರು ಸಲ ದೀಪ ಮಿನುಗಿಸುತ್ತೇನೆ, ಒಪ್ಪಿಗೆಯಿದ್ದರೆ ಅಮ್ಮ ಕಿಟಕಿಯಿಂದ ಒಂದು ಸಲ ಟಾರ್ಚ್ ತೋರಿಸಲಿ. ತೋರಿಸದಿದ್ದರೆ ಇನ್ನೂ ಆಚೆಗಿನ ಬಂಡೆಗೆ ಹೆಸರು ಕೊಡುತ್ತೇನೆ, ಅಲ್ಲಿಗೆ ಹಡಗೇ ಹೋಗುವುದಿಲ್ಲ. ಮಾತು ಬೇಡ.

ಬಂಡೆ ಬರುವುದು ಎಡಕ್ಕೆ ಎಂದು ಎಲ್ಲರೂ ಹೇಳಿದ್ದರು. ಹಾಗಾಗಿ ಎಡಗಡೆ ಕಿಟಕಿ.

ಸಿಕ್ಕ ಕಿಟಕಿಯಲ್ಲಿ ದರ್ಜಿಯಮ್ಮ ಕೂತದ್ದು ಕಡಿಮೆ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸಾಲುಗಳ ನಡುವೆ ಓಡಾಡಿದಳು. ಟಾರ್ಚ್ ಹೊತ್ತಿಸಿ ನೋಡಿದಳು, ಆರಿಸಿದಳು, ಸೆಲ್ ತೆಗೆದು ಒರೆಸಿ ಮತ್ತೆ ಹಾಕಿದಳು. ಕಂಡಕ್ಟರಮ್ಮ ಎದುರಾದಾಗಲೆಲ್ಲ ಬಂಡೆ ಇನ್ನೆಷ್ಟು ದೂರ ಎಂದು ಕೇಳಿದಳು. ಕಂಡಕ್ಟರಮ್ಮ ಮೊದಮೊದಲು ಲೆಕ್ಕ ಹೇಳುತ್ತಿದ್ದವಳು, ಆಮೇಲೆ ದರ್ಜಿಯಮ್ಮ ಕಾಣುತ್ತಲೇ ಪಾತ್ರೆಗಳ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳತೊಡಗಿದಳು.

ಅರ್ಧದಾರಿ ಕಳೆದಾಗ ಕಂಡಕ್ಟರಮ್ಮನೇ ಹೊರಗೆ ಬಂದು ಕೂಗಿದಳು. "ಹಡಗು ಹೊರಳುತ್ತೆ. ಲೋಟ ಗಟ್ಟಿಯಾಗಿ ಹಿಡ್ಕೊಳ್ಳಿ. ಮಕ್ಕಳನ್ನೂ."

ಆಕಾಶದಲ್ಲಿ ಬ್ರೇಕು ಎಂಬುದಿಲ್ಲ. ವೇಗ ತಗ್ಗಿಸಬೇಕಾದರೆ ಹಡಗು ಹಿಂದುಮುಂದಾಗಿ ತಿರುಗಿ, ಎಂಜಿನ್ನಿನ ಬೆಂಕಿಯನ್ನು ಹೋಗುವ ದಿಕ್ಕಿಗೆ ಉಗುಳುತ್ತ, ಉಳಿದ ದಾರಿಯನ್ನು ಬೆನ್ನು ಮುಂದೆ ಮಾಡಿಕೊಂಡೇ ಸಾಗುತ್ತದೆ. ಹಡಗು ಹೊರಳಿತು. ಆಗ ದರ್ಜಿಯಮ್ಮನ ಮಡಿಲಿಗೆ ಬಿಸಿಲು ಬಿತ್ತು. ಅಷ್ಟು ದಿನ ಬಲಸಾಲಿನ ಪರದೆಯಂಚಿನಲ್ಲಿ ಇಣುಕುತ್ತಿದ್ದ ಸೂರ್ಯ ಈ ಕಡೆ ಹೇಗೆ ಬಂದ ಎಂದು ಅವಳು ನೋಡಿದಳು. ಆಮೇಲೆ ಅರ್ಥವಾಯಿತು, ಬಂಡೆಯೂ ಇನ್ನು ಬರುವುದು ಬಲಗಡೆಗೆ. ಉಡುಪನ್ನು ಒಳಹೊರಗು ಮಾಡಿದರೆ ಎಡತೋಳು ಬಲಕ್ಕೆ ಹೋಗುತ್ತದೆಂದು ಜೀವಮಾನವಿಡೀ ಗೊತ್ತಿದ್ದವಳಿಗೆ ಹಡಗಿನ ವಿಷಯದಲ್ಲಿ ಅದು ಹೊಳೆದಿರಲಿಲ್ಲ.

ತಮ್ಮನನ್ನು ತಿವಿದು ಎಬ್ಬಿಸಿದಳು. ಅವನು ಕಣ್ಣುಜ್ಜಿಕೊಂಡು ಆಚೆ ಈಚೆ ನೋಡಿದ.

"ಟಿಕೆಟ್ ತಗೊಂಡಾಗ ಎಡಗಡೆನೇ ಇತ್ತಲ್ಲಕ್ಕಾ," ಅಂದ.

ಬಲಸಾಲಿನ ಕಿಟಕಿಗಳಿಗೆಲ್ಲ ಹೊರಗಿನಿಂದ ಸರಕಿನ ಪೆಟ್ಟಿಗೆಗಳನ್ನು ಬಿಗಿದಿದ್ದರು. ಒಳಗೆ ಜಾಗ ಸಾಲದಾಗ ಬಳಸುದಾರಿಯಲ್ಲಿ ಹಾಗೆಯೇ ಮಾಡುತ್ತಾರೆ. ಬಚ್ಚಲಿನ ಗಾಜು ಮಬ್ಬು. ಅದನ್ನೂ ಅವಳು ಸೆರಗಿನಿಂದ ಉಜ್ಜಿ ನೋಡಿ ಬಂದಳು. ಪೆಟ್ಟಿಗೆ ಬಿಗಿಯದೆ ಉಳಿದ ಕಿಟಕಿ ಒಂದೇ ಒಂದು, ಅದರ ಪಕ್ಕ ಕೂತವರು ಪರೀಕ್ಷೆ ಮೇಷ್ಟ್ರು.

ಅವರು ಪಾಠ ಹೇಳಿದವರಲ್ಲ. ಊರೂರು ತಿರುಗಿ ಪರೀಕ್ಷಾ ಕೋಣೆಗಳಲ್ಲಿ ಕಾವಲು ನಿಂತು ನಿವೃತ್ತರಾದವರು. ಕತ್ತಲನ್ನು ನೋಡಿದರೆ ಅವರಿಗೆ ತಲೆ ಸುತ್ತುತ್ತಿತ್ತು. ಆದ್ದರಿಂದ ಹೊರಟಾಗಲೇ ಪರದೆ ಎಳೆದಿದ್ದರು. ಹಾಗಾದರೆ ಕಿಟಕಿ ಯಾಕೆ ಎಂದರೆ, ತಲೆಯಾನಿಸಿ ಮಲಗುವುದಕ್ಕೆ.

ಇಂಥವರನ್ನು ದರ್ಜಿಯಮ್ಮ ಸೀಟು ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದಳು. ತನಗೆ ಬಿಸಿಲು ಆಗುವುದಿಲ್ಲ ಅಂದಳು. ಪರದೆ ಎಳೆದುಕೊಳ್ಳಿ ಎಂದು ಅವರು ಸಲಹೆ ಕೊಟ್ಟರು. ಮರುದಿನ ಹೊಟ್ಟೆ ತೊಳಸುತ್ತದೆ, ಗಾಳಿ ಬೇಕು ಅಂದಳು. ಈ ಹಡಗಿನ ಕಿಟಕಿ ತೆರೆದರೆ ಗಾಳಿ ಒಳಗೆ ಬರುವುದಿಲ್ಲ, ಇರುವುದೂ ಹೋಗುತ್ತದೆ ಎಂದು ಅವರು ತಿಳಿಸಿದರು. ಅದರ ಮರುದಿನ ನಕ್ಷತ್ರ ನೋಡುವ ಆಸೆ ಅಂದಳು. ನಕಲು ಚೀಟಿಯನ್ನು ಕಾಲರಿನಲ್ಲಿ ಬಚ್ಚಿಟ್ಟವರನ್ನು ನೋಡಿದಂತೆ ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಟಿಕೆಟ್ಟಿನಲ್ಲಿ ಬರೆದ ನಂಬರಿನ ಸೀಟಿನಲ್ಲೇ ಕೂರಬೇಕು, ಇದು ನಾನು ಮಾಡಿದ ನಿಯಮವಲ್ಲ ಅಂದರು. ದರ್ಜಿಯಮ್ಮನ ತಮ್ಮ ನಡುವೆ ಬಾಯಿ ಹಾಕಿ, ಬಿಟ್ಟುಕೊಟ್ಟರೆ ಬದುಕಿರುವವರೆಗೂ ಪುಕ್ಕಟೆ ಕ್ಷೌರ ಎಂದು ಮಾತು ಕೊಟ್ಟ. ಮೇಷ್ಟ್ರ ತಲೆ ತಾಮ್ರದ ಚೆಂಬಿನಂತೆ ಹೊಳೆಯುತ್ತಿತ್ತು. ಮಾತುಕತೆ ಅಲ್ಲಿಗೆ ನಿಂತಿತು.

ದರ್ಜಿಯಮ್ಮ ಅನ್ನ ಬಿಟ್ಟಳು. ಕೂತರೆ ಏಳುತ್ತಿದ್ದಳು, ಎದ್ದರೆ ಕೂರುತ್ತಿದ್ದಳು. ಟಾರ್ಚಿನ ಗುಂಡಿ ಅವಳ ಹೆಬ್ಬೆರಳಿಗೆ ಸವೆದೇಹೋಯಿತು. ಕಂಡಕ್ಟರಮ್ಮ ತಾನಾಗಿಯೇ ಬಂದು, ಇನ್ನು ಅರ್ಧ ಗಂಟೆಗೆ ಬಂಡೆ ಎಂದು ಹೇಳಿ, ಈ ಸಲ ಬಾಗಿಲು ಹಾಕಿಕೊಳ್ಳದೆ ಅಲ್ಲೇ ನಿಂತಳು.

ಆಗ ದರ್ಜಿಯಮ್ಮ ಮೇಷ್ಟ್ರ ಸೀಟಿನ ಕೈ ಹಿಡಿದುಕೊಂಡು, ಬಿಸಿಲು ಗಾಳಿ ಎಲ್ಲ ಬಿಟ್ಟು, ಇದ್ದದ್ದನ್ನು ಹೇಳಿದಳು. ಮೆಷಿನ್ನಿನಿಂದ ಹಿಡಿದು ಟಾರ್ಚಿನವರೆಗೆ ಹೇಳಿದಳು. ಮೇಷ್ಟ್ರು ಒಮ್ಮೆಯೂ ಅಡ್ಡ ಬರದೆ ಕೇಳಿದರು.

"ಇದನ್ನ ಮೊದಲನೇ ದಿನಾನೇ ಹೇಳಬಾರದಿತ್ತೇನಮ್ಮಾ?"

"ಹೇಳೋ ಅಂಥದ್ದಾ ಸಾರ್ ಇದು?"

ಮೇಷ್ಟ್ರು ಟಿಕೆಟ್ ತೆಗೆದು ನಂಬರು ನೋಡಿದರು. "ಸೀಟು ಬದಲಾಯಿಸೋಕೆ ಆಗೋಲ್ಲ," ಅಂದರು. "ನಾನು ಎದ್ದು ನಿಂತ್ಕೋತೀನಿ. ನಿಂತ್ಕೋಬಾರದು ಅಂತ ಎಲ್ಲೂ ಇಲ್ಲ."

ಎದ್ದರು. ಪರದೆ ಸರಿಸುವ ಮೊದಲು ಕಿಟಕಿಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿ, ಇಡೀ ಜನ್ಮ ನಿಂತ ಭಂಗಿಯಲ್ಲೇ ನಿಂತರು. ದರ್ಜಿಯಮ್ಮ ಗಾಜಿಗೆ ಮೂಗು ಒತ್ತಿ ಕೂತಳು. ಹಿಂದಿನ ಸಾಲುಗಳವರು ಕತ್ತು ಉದ್ದ ಮಾಡಿದರು. ತಮ್ಮ ಅವಳ ಭುಜದ ಮೇಲೆ ಬಾಗಿ, ಅದೋ ಅಲ್ಲಿ, ಅಲ್ಲಕ್ಕಾ ಇಲ್ಲಿ ಎಂದು ಏನೂ ಇಲ್ಲದ ಕಡೆಗಳನ್ನೆಲ್ಲ ತೋರಿಸಿದ.

ಬಂಡೆ ಬಂತು. ಬೆಳಗುತ್ತಲೇ ಇದ್ದ ದೀಪ ಆರಿತು. ಆಮೇಲೆ ಒಂದು ಸಲ ಹೊಳೆಯಿತು. ಎರಡು. ಮೂರು.

ಅಷ್ಟು ದಿನ ಒಂದು ಗಳಿಗೆ ನೆಟ್ಟಗೆ ಕೂರದ ಹೆಂಗಸು ಈಗ ಅಲುಗಾಡಲಿಲ್ಲ. ಟಾರ್ಚ್ ಕೈಯಲ್ಲಿತ್ತು, ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಮೆಷಿನ್ನಿನ ಮುಂದೆ ಮಗಳು ಎಂದೂ ಕೂರುವುದಿಲ್ಲ, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಆಡಿದ ಮಾತು ತಪ್ಪು ಎಂದು ಇಷ್ಟು ಜನರೆದುರಿಗೆ ಒಪ್ಪಿಕೊಂಡ ಹಾಗೆ. ಬಂಡೆ ಕಿಟಕಿಯ ನಡುವಿನಿಂದ ಅಂಚಿನ ಕಡೆಗೆ ಜಾರತೊಡಗಿತು. ತಮ್ಮ ಅಕ್ಕಾ ಅಕ್ಕಾ ಎಂದು ತೋಳು ಅಲ್ಲಾಡಿಸಿದ. ಅವಳು ಕೊಸರಿಕೊಂಡಳು.

ಮೇಷ್ಟ್ರು ತಿರುಗಿ ನೋಡಲಿಲ್ಲ. ಸದ್ದಿಲ್ಲದ ಕೋಣೆಗಳ ಅರ್ಥ ಅವರಿಗೆ ತಿಳಿದಿತ್ತು.

"ಉತ್ತರ ಗೊತ್ತಿದ್ದೂ ಖಾಲಿ ಬಿಟ್ಟು ಹೋಗೋರನ್ನ ಬೇಕಾದಷ್ಟು ನೋಡಿದ್ದೀನಮ್ಮ," ಅಂದರು, ಎದುರಿನ ಗೋಡೆಗೆ ಹೇಳುವಂತೆ. "ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅಳ್ತಾರೆ. ಒಳಗೆ ಬಿಡೋಕೆ ಆಗ ನನ್ನಿಂದಲೂ ಆಗೋಲ್ಲ."

ದರ್ಜಿಯಮ್ಮ ಗುಂಡಿ ಒತ್ತಿದಳು. ಒಂದು ಸಲ ಸಾಕಿತ್ತು; ಬಂಡೆ ಮರೆಯಾಗುವವರೆಗೂ ಒತ್ತಿಯೇ ಹಿಡಿದಿದ್ದಳು. ಆ ಕಡೆಯ ದೀಪ ಮತ್ತೆ ಹೊತ್ತಿಕೊಂಡಿತು. ಅದು ಉತ್ತರವೋ, ಹೇಗೂ ಹೊತ್ತಬೇಕಾದದ್ದು ಹೊತ್ತಿತೋ ಎಂಬ ಬಗ್ಗೆ ಹಡಗಿನಲ್ಲಿ ಎರಡು ಪಂಗಡಗಳಾದವು, ಕೊನೆಯ ನಿಲ್ದಾಣದವರೆಗೂ ವಾದ ನಡೆಯಿತು. ಮೇಷ್ಟ್ರು ತಮ್ಮ ಸೀಟಿನಲ್ಲಿ ಕೂತು ಪರದೆ ಎಳೆದುಕೊಂಡರು. ದರ್ಜಿಯಮ್ಮ ಮತ್ತೆ ಓಡಾಡಲು ಶುರುಮಾಡಿದಳು.

ಮಗಳು ಅವಧಿ ಮುಗಿಸಿ ಊರಿಗೆ ಬಂದಳು. ಎರಡನೇ ಮೆಷಿನ್ ಮಾರಿದರು.